‘ಬಂದ ಹುಡುಗ’ ಇಂಗ್ಲಿಷಿಗೆ ಹೋದಾಗ

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಬಿಡುತ್ತೇನೆ. ಬೋರ್ಡಿನ ಮೇಲೆ ಮೂರೇ ಪದ ಬರೆದಿದ್ದೇನೆ: ‘ಹುಲಿ ಕೊಂದ ಮನುಷ್ಯ’. ಇದರಲ್ಲಿ ಸತ್ತವರು ಯಾರು?

ಹುಲಿ ಸತ್ತಿತು ಅನ್ನುವವರು ಕೈ ಎತ್ತಿ. ಸರಿ. ಮನುಷ್ಯ ಸತ್ತ ಅನ್ನುವವರು? ಹೆಚ್ಚುಕಮ್ಮಿ ಅಷ್ಟೇ ಜನ ಇದ್ದೀರಿ. ಜಗಳ ಬೇಡ, ಎರಡೂ ಕಡೆಯವರು ಸರಿ. ‘ಹುಲಿ ಕೊಂದ ಮನುಷ್ಯ ಬಂದೂಕು ಕೆಳಗಿಟ್ಟ’ ಅಂದರೆ ಹೋಗಿದ್ದು ಹುಲಿ. ‘ಹುಲಿ ಕೊಂದ ಮನುಷ್ಯ ಹೆಣವಾಗಿ ಸಿಕ್ಕಿದ’ ಅಂದರೆ ಹೋಗಿದ್ದು ಮನುಷ್ಯ. ಮೂರು ಪದಗಳು ಮಾತ್ರ ಎರಡು ಕಡೆಯೂ ಹಾಗೆಯೇ ಇವೆ. ಒಂದಕ್ಷರ ಬದಲಾಗಿಲ್ಲ. ಯಾರು ಯಾರನ್ನು ಕೊಂದರು ಅನ್ನುವುದನ್ನು ಕನ್ನಡ ನಮ್ಮ ಊಹೆಗೆ ಬಿಟ್ಟು ಸುಮ್ಮನಾಗಿದೆ.

ಇಂಗ್ಲಿಷ್ ಹಾಗೆ ಬಿಡುವುದಿಲ್ಲ. ಒಂದೋ ‘ದ ಮ್ಯಾನ್ ಹೂ ಕಿಲ್ಡ್ ದ ಟೈಗರ್’ ಅನ್ನಬೇಕು, ಇಲ್ಲ ‘ದ ಮ್ಯಾನ್ ದಟ್ ದ ಟೈಗರ್ ಕಿಲ್ಡ್’ ಅನ್ನಬೇಕು. ಎರಡರ ನಡುವೆ ನಿಂತು ‘ಅರ್ಥ ಆಯ್ತಲ್ಲ ಬಿಡಿ’ ಅನ್ನುವ ಜಾಗವೇ ಇಲ್ಲ. ಇವತ್ತು ನಾನು ಹೇಳಬೇಕಾದದ್ದು ಇದರ ಸುತ್ತಲೇ ಇದೆ. ಇಂಗ್ಲಿಷಿನ ರಿಲೇಟಿವ್ ಕ್ಲಾಝ್ ನಮಗೆ ಕಷ್ಟವಾಗುವುದು ಅದರ ನಿಯಮಗಳು ಜಾಸ್ತಿ ಅಂತಲ್ಲ. ಕನ್ನಡ ಬಾಯಿಬಿಟ್ಟು ಹೇಳದೆ ನುಂಗಿಕೊಂಡಿದ್ದನ್ನು ಅದು ಹೊರಗೆ ಹಾಕಿಸುತ್ತದೆ. ಅಲ್ಲೇ ನಾವು ಎಡವುವುದು.

ಹೆಸರು ದೊಡ್ಡದಿದ್ದರೂ ವಸ್ತು ಸಣ್ಣದು. ಒಂದು ನಾಮಪದದ ಬಗ್ಗೆ ‘ಯಾವುದು? ಯಾರು?’ ಅಂತ ಕೇಳಿದಾಗ ಉತ್ತರವಾಗಿ ಬರುವ ಪುಟ್ಟ ವಾಕ್ಯ ಅದು. ‘ಯಾವ ಹುಡುಗ?’ ‘ನಿನ್ನೆ ಬಂದ ಹುಡುಗ.’ ಇಂಗ್ಲಿಷಿನಲ್ಲಿ ‘ದ ಬಾಯ್ ಹೂ ಕೇಮ್ ಯೆಸ್ಟರ್ಡೇ’. ಈ ‘ಹೂ ಕೇಮ್ ಯೆಸ್ಟರ್ಡೇ’ ಇದೆಯಲ್ಲ, ಅದೇ ರಿಲೇಟಿವ್ ಕ್ಲಾಝ್. ಕನ್ನಡದಲ್ಲಿ ಆ ಕೆಲಸ ಮಾಡಿದ್ದು ‘ಬಂದ’. ಶಾಲೆಯಲ್ಲಿ ಇದನ್ನು ಕೃದಂತನಾಮ ಅಂತ ಓದಿ, ಪರೀಕ್ಷೆ ಮುಗಿದ ಮೇಲೆ ಮರೆತಿದ್ದೇವೆ. ಅದರಲ್ಲಿ ಮೂರೇ ರೂಪ: ಮಾಡಿದ, ಮಾಡುವ, ಮಾಡದ. ಆಗಿದ್ದಕ್ಕೊಂದು, ಆಗುವುದಕ್ಕೊಂದು, ಆಗದ್ದಕ್ಕೊಂದು. ಇಷ್ಟರಲ್ಲೇ ಕನ್ನಡ ಬದುಕು ನಡೆಸುತ್ತದೆ.

ಎಷ್ಟು ಸಲೀಸಾಗಿ ನಡೆಸುತ್ತದೆ ನೋಡಿ. ನಾನೊಂದು ಪತ್ರ ಬರೆದೆ ಅಂತಿಟ್ಟುಕೊಳ್ಳಿ. ನಾನು ಬರೆದ ಪತ್ರ. ನಾನು ಪತ್ರ ಬರೆದ ಪೆನ್ನು. ನಾನು ಪತ್ರ ಬರೆದ ಹಾಳೆ. ನಾನು ಪತ್ರ ಬರೆದ ಕೋಣೆ. ನಾನು ಪತ್ರ ಬರೆದ ಗೆಳೆಯ. ನಾನು ಪತ್ರ ಬರೆದ ದಿನ. ಎಲ್ಲ ಕಡೆಯೂ ‘ಬರೆದ’. ಪೆನ್ನಿನಿಂದ ಬರೆದೆ, ಹಾಳೆಯ ಮೇಲೆ ಬರೆದೆ, ಕೋಣೆಯಲ್ಲಿ ಕೂತು ಬರೆದೆ, ಗೆಳೆಯನಿಗೆ ಬರೆದೆ. ಈ ‘ಇಂದ’, ‘ಮೇಲೆ’, ‘ಅಲ್ಲಿ’, ‘ಗೆ’ ಎಲ್ಲ ಎಲ್ಲಿ ಹೋದವು? ‘ಬರೆದ’ ಅನ್ನುವ ಪದ ಅವನ್ನೆಲ್ಲ ನುಂಗಿಬಿಟ್ಟಿತು. ಪೆನ್ನಿನ ಒಳಗೆ ಕೂತು ಯಾರೂ ಬರೆಯುವುದಿಲ್ಲ ಅಂತ ಕೇಳುವವನಿಗೆ ಗೊತ್ತು. ಹಾಗಾಗಿ ಕನ್ನಡಕ್ಕೆ ತಲೆಬಿಸಿಯಿಲ್ಲ.

ಈಗ ಇಂಗ್ಲಿಷ್. ಪತ್ರ: ‘ದ ಲೆಟರ್ ಐ ರೋಟ್’. ಪೆನ್ನು: ‘ದ ಪೆನ್ ಐ ರೋಟ್ ದ ಲೆಟರ್ ವಿತ್’. ಹಾಳೆ: ಕೊನೆಗೆ ‘ಆನ್’. ಕೋಣೆ: ಕೊನೆಗೆ ‘ಇನ್’. ಗೆಳೆಯ: ‘ದ ಫ್ರೆಂಡ್ ಐ ರೋಟ್ ಟು’. ನುಂಗಿದ್ದೆಲ್ಲ ಒಂದೊಂದಾಗಿ ಹೊರಗೆ ಬಂತು. ‘ದಿನ’ಕ್ಕೆ ಮಾತ್ರ ಸ್ವಲ್ಪ ರಿಯಾಯಿತಿ. ‘ದ ಡೇ ಐ ರೋಟ್ ದ ಲೆಟರ್’ ಅಂದರೆ ಸಾಕು, ‘ಆನ್’ ಬೇಕಿಲ್ಲ. ‘ಕಾರಣ’ಕ್ಕೂ ಅದೇ ರಿಯಾಯಿತಿ. ಉಳಿದವಕ್ಕೆ ಸಾಮಾನ್ಯವಾಗಿ ಇಲ್ಲ.

ನಮ್ಮ ಅತಿ ದೊಡ್ಡ ತಪ್ಪು ಇಲ್ಲೇ ಹುಟ್ಟುವುದು. ‘ನಾನು ಇರುವ ಮನೆ’ ಮನಸ್ಸಿನಲ್ಲಿ ಇರುತ್ತದೆ. ಬಾಯಲ್ಲಿ ‘ದ ಹೌಸ್ ಐ ಲಿವ್’ ಅಂತ ಬರುತ್ತದೆ. ‘ಇನ್’ ಹೋಯಿತು. ‘ನಾನು ಮಾತಾಡಿದ ವ್ಯಕ್ತಿ’ ಹೋಗಿ ‘ದ ಪರ್ಸನ್ ಐ ಸ್ಪೋಕ್’ ಆಗುತ್ತದೆ. ‘ಟು’ ಹೋಯಿತು. ‘ನಾನು ಕಾಯುತ್ತಿದ್ದ ಬಸ್ಸು’ ಅನ್ನುವುದು ‘ದ ಬಸ್ ಐ ವಾಸ್ ವೇಟಿಂಗ್’. ‘ಫಾರ್’ ಹೋಯಿತು. ಇದು ಅಜಾಗರೂಕತೆಯಲ್ಲ. ಕನ್ನಡದ ವಾಕ್ಯದಲ್ಲಿ ಆ ಜಾಗದಲ್ಲಿ ಏನೂ ಇರಲಿಲ್ಲ, ಅದಕ್ಕೇ ಇಂಗ್ಲಿಷಿನಲ್ಲೂ ಏನೂ ಬರಲಿಲ್ಲ. ಅಷ್ಟೇ.

ನಾನು ಇದಕ್ಕೆ ಬಳಸುವ ಉಪಾಯ ಒಂದೇ. ಕೃದಂತವನ್ನು ಒಡೆದು ಎರಡು ವಾಕ್ಯ ಮಾಡುವುದು. ‘ನಾನು ಕಾಯುತ್ತಿದ್ದ ಬಸ್ಸು ಬರಲಿಲ್ಲ.’ ಒಡೆಯಿರಿ. ‘ಬಸ್ಸು ಬರಲಿಲ್ಲ. ನಾನು ಬಸ್ಸಿಗೆ ಕಾಯುತ್ತಿದ್ದೆ.’ ಎರಡನೇ ವಾಕ್ಯದಲ್ಲಿ ‘ಬಸ್ಸಿಗೆ’ ಅಂತ ‘ಗೆ’ ಎದ್ದು ಬಂತು ನೋಡಿ. ಅದೇ ನುಂಗಿದ್ದ ತುಂಡು. ಈಗ ಎರಡನೇ ವಾಕ್ಯವನ್ನು ಇಂಗ್ಲಿಷಿಗೆ ತನ್ನಿ: ‘ಐ ವಾಸ್ ವೇಟಿಂಗ್ ಫಾರ್ ದ ಬಸ್’. ಇದರಲ್ಲಿರುವ ‘ದ ಬಸ್’ ತೆಗೆಯಿರಿ. ಉಳಿಯುವುದು ‘ಐ ವಾಸ್ ವೇಟಿಂಗ್ ಫಾರ್’. ಇದನ್ನು ಹಾಗೇ ಎತ್ತಿ ಮೊದಲ ವಾಕ್ಯದ ‘ದ ಬಸ್’ ಪಕ್ಕ ಇಡಿ. ‘ದ ಬಸ್ ಐ ವಾಸ್ ವೇಟಿಂಗ್ ಫಾರ್ ಡಿಡಂಟ್ ಕಮ್.’ ಮುಗಿಯಿತು.

ಇಲ್ಲೊಂದು ಎಚ್ಚರಿಕೆ. ಕನ್ನಡದ ವಿಭಕ್ತಿಯನ್ನು ನೇರವಾಗಿ ಇಂಗ್ಲಿಷಿಗೆ ಹೊತ್ತುಕೊಂಡು ಹೋಗಬೇಡಿ. ‘ನಾನು ಭೇಟಿ ಕೊಟ್ಟ ಊರು’ ಒಡೆದರೆ ‘ಊರಿಗೆ ಭೇಟಿ ಕೊಟ್ಟೆ’ ಅಂತ ‘ಗೆ’ ಸಿಗುತ್ತದೆ. ಆ ‘ಗೆ’ ನೋಡಿ ‘ದ ಟೌನ್ ಐ ವಿಸಿಟೆಡ್ ಟು’ ಅನ್ನುವವರಿದ್ದಾರೆ. ‘ದ ಟೌನ್ ವೇರ್ ಐ ವಿಸಿಟೆಡ್’ ಅನ್ನುವವರು ಇನ್ನೂ ಜಾಸ್ತಿ. ಎರಡೂ ತಪ್ಪು. ‘ಐ ವಿಸಿಟೆಡ್ ದ ಟೌನ್’ ಅನ್ನುವುದರಲ್ಲಿ ‘ಟು’ ಇಲ್ಲ, ‘ಇನ್’ ಇಲ್ಲ. ಹಾಗಾಗಿ ಜೋಡಿಸಿದ ಮೇಲೂ ಇರಬಾರದು. ‘ದ ಟೌನ್ ಐ ವಿಸಿಟೆಡ್’, ಅಲ್ಲಿಗೆ ಮುಗಿಯಿತು. ‘ಡಿಸ್ಕಸ್’ದೂ ಇದೇ ಕತೆ. ಸಣ್ಣ ವಾಕ್ಯವನ್ನು ಇಂಗ್ಲಿಷಿನಲ್ಲಿ ಸರಿಯಾಗಿ ಹೇಳಲು ಬಂದರೆ ದೊಡ್ಡದು ತಾನಾಗಿ ಸರಿಯಾಗುತ್ತದೆ.

ಎರಡನೇ ತಪ್ಪು ಇದಕ್ಕೆ ತದ್ವಿರುದ್ಧ. ಬಿಡಬೇಕಾದ್ದನ್ನು ಬಿಡದೇ ಇರುವುದು. ‘ದ ಬುಕ್ ವಿಚ್ ಐ ಬಾಟ್ ಇಟ್ ಈಸ್ ಗುಡ್.’ ಈ ‘ಇಟ್’ ಯಾಕೆ ಬಂತು? ಎರಡು ವಾಕ್ಯ ಮನಸ್ಸಿನಲ್ಲಿತ್ತು, ಜೋಡಿಸುವಾಗ ಎರಡನೆಯದರಿಂದ ಪುಸ್ತಕವನ್ನು ತೆಗೆಯಲು ಮರೆತರು. ‘ವಿಚ್’ ಬಂದಾಗಲೇ ಪುಸ್ತಕ ಬಂದಾಯಿತು. ಮತ್ತೆ ‘ಇಟ್’ ಅಂದರೆ ಒಂದೇ ಸೀಟಿನಲ್ಲಿ ಇಬ್ಬರು ಕೂತ ಹಾಗೆ. ಇದೇನು ಮೂರ್ಖತನ ಅಂದುಕೊಳ್ಳಬೇಡಿ. ಅರಬ್ಬಿಯಲ್ಲಿ ‘ನಾನು ಅದನ್ನು ಕೊಂಡ ಪುಸ್ತಕ’ ಅನ್ನುವ ರೀತಿಯೇ ಸರಿಯಾದ ವ್ಯಾಕರಣ. ಇಂಗ್ಲಿಷಿಗೆ ಮಾತ್ರ ಅದು ಒಗ್ಗುವುದಿಲ್ಲ.

ಇನ್ನೊಂದು ಮೂಲವೂ ಇದೆ. ಕನ್ನಡದಲ್ಲಿ ಕೃದಂತ ಬಿಟ್ಟು ಬೇರೊಂದು ದಾರಿ ಇದೆ, ಅಲ್ವಾ? ‘ಯಾರು ಓದುತ್ತಾರೋ ಅವರು ಪಾಸಾಗುತ್ತಾರೆ.’ ‘ಯಾವುದು ಬೇಕೋ ಅದನ್ನು ತೆಗೆದುಕೋ.’ ‘ಯಾರು’ ಅಂದ ಮೇಲೆ ‘ಅವರು’ ಬರಲೇಬೇಕು, ಜೋಡಿ ಎತ್ತುಗಳ ಹಾಗೆ. ಇದನ್ನು ಇಂಗ್ಲಿಷಿಗೆ ಹೊತ್ತರೆ ‘ಹೂ ಸ್ಟಡೀಸ್, ದೇ ವಿಲ್ ಪಾಸ್’ ಆಗುತ್ತದೆ. ಇಂಗ್ಲಿಷಿನಲ್ಲಿ ವಾಕ್ಯ ‘ಹೂ’ ಅಂತ ಶುರುವಾದರೆ ಕೇಳುವವರಿಗೆ ಅದು ಪ್ರಶ್ನೆ. ‘ಯಾರು ಓದುತ್ತಾರೆ?’ ಅಂತ ಕೇಳಿದ ಹಾಗಾಗುತ್ತದೆ. ಅಲ್ಲಿ ‘ಅವರು’ ಮೊದಲು, ‘ಯಾರು’ ಆಮೇಲೆ: ‘ದೋಸ್ ಹೂ ಸ್ಟಡಿ ವಿಲ್ ಪಾಸ್’. ಬೇಕೆಂದರೆ ‘ಹೂಎವರ್’ ಬಳಸಿ, ಅದಕ್ಕೆ ಜೋಡಿ ಬೇಡ.

ಇನ್ನು ‘ಹೂ’, ‘ವಿಚ್’, ‘ದಟ್’. ಈ ಮೂವರ ಸಂಬಂಧ ಸ್ವಲ್ಪ ಗೋಜಲು, ಕತೆ ಮಾತ್ರ ಚೆನ್ನಾಗಿದೆ. ಮನುಷ್ಯರಿಗೆ ‘ಹೂ’, ವಸ್ತುವಿಗೆ ‘ವಿಚ್’, ಎರಡಕ್ಕೂ ‘ದಟ್’ ಅಂತ ಕಲಿಯುತ್ತೇವೆ. ಇವತ್ತಿನ ಮಟ್ಟಿಗೆ ಅದು ಸರಿ. ಆದರೆ 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲ್ಲಿನಲ್ಲಿ ಪ್ರಾರ್ಥನೆ ಶುರುವಾಗುವುದೇ ‘ಅವರ್ ಫಾದರ್ ವಿಚ್ ಆರ್ಟ್ ಇನ್ ಹೆವನ್’ ಅಂತ. ದೇವರಿಗೇ ‘ವಿಚ್’! ಆ ಕಾಲಕ್ಕೆ ಅದರಲ್ಲಿ ಅಗೌರವ ಏನೂ ಇರಲಿಲ್ಲ.

ಇನ್ನೂ ನೂರು ವರ್ಷ ಮುಂದೆ ಬನ್ನಿ. 1711ರಲ್ಲಿ ಲಂಡನ್ನಿನ ಸ್ಪೆಕ್ಟೇಟರ್ ಪತ್ರಿಕೆಯಲ್ಲಿ ಒಂದು ತಮಾಷೆಯ ಅರ್ಜಿ ಅಚ್ಚಾಯಿತು. ಅರ್ಜಿದಾರರು ‘ಹೂ’ ಮತ್ತು ‘ವಿಚ್’. ನಾವು ಹಳೇ ಮನೆತನದವರು, ‘ದಟ್’ ಅನ್ನುವವನು ಬಂದು ನಮ್ಮ ಜಾಗ ಕಿತ್ತುಕೊಂಡಿದ್ದಾನೆ, ನ್ಯಾಯ ಕೊಡಿಸಿ ಅನ್ನುವುದು ಅವರ ಗೋಳು. ನಿಜ ಏನೆಂದರೆ ಹಳಬ ‘ದಟ್’ ಅವನೇ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲೇ ಅವನು ಈ ಕೆಲಸ ಮಾಡುತ್ತಿದ್ದ. ‘ಹೂ’, ‘ವಿಚ್’ ಆಗ ಬರೀ ಪ್ರಶ್ನೆ ಕೇಳುವ ಪದಗಳು, ನಮ್ಮ ‘ಯಾರು’, ‘ಯಾವುದು’ ಇದ್ದ ಹಾಗೆ. ಈ ಕೆಲಸಕ್ಕೆ ಸೇರಿಕೊಂಡಿದ್ದು ಎಷ್ಟೋ ಕಾಲದ ಮೇಲೆ. ಆಕ್ರಮಿಸಿದವರೇ ದೂರು ಕೊಟ್ಟ ಕೇಸು ಅದು.

ಹಾಗಾದರೆ ನಾವು ಯಾವುದನ್ನು ಬಳಸಬೇಕು? ಮನುಷ್ಯರಿಗೆ ‘ಹೂ’ ಬಳಸಿ, ಉಳಿದದ್ದಕ್ಕೆ ‘ದಟ್’ ಬಳಸಿ, ಕಾಮಾ ಹಾಕಿದ ಮೇಲೆ ವಸ್ತುವಿಗೆ ‘ವಿಚ್’ ಬಳಸಿ. ಯಾರೂ ಬೆರಳು ತೋರಿಸುವುದಿಲ್ಲ. ‘ಹೂಮ್’ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮಾತಿನಲ್ಲಿ ಅದು ಮರೆಯಾಗುತ್ತಿದೆ. ‘ಟು’, ‘ವಿತ್’ ತರಹದ ಪದದ ಹಿಂದೆಯೇ ಬಂದಾಗ ಮಾತ್ರ ಬೇಕು: ‘ದ ಪರ್ಸನ್ ಟು ಹೂಮ್ ಐ ಸ್ಪೋಕ್’. ಅಲ್ಲಿ ‘ಟು ದಟ್’ ಅನ್ನುವ ಹಾಗಿಲ್ಲ.

‘ಟು’, ‘ವಿತ್’ಗಳನ್ನು ವಾಕ್ಯದ ಕೊನೆಗೆ ಬಿಡುವುದು ತಪ್ಪು ಅಂತ ಕೆಲವರಿಗೆ ಹೇಳಿಕೊಟ್ಟಿರುತ್ತಾರೆ. ಈ ಮಡಿವಂತಿಕೆಯ ಹೆಸರಾಂತ ಮೂಲಪುರುಷ ಕವಿ ಜಾನ್ ಡ್ರೈಡನ್. 1672ರಲ್ಲಿ ಅವನು ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್‌ನ ಒಂದು ಸಾಲು ಹಿಡಿದು ತಪ್ಪು ತೆಗೆದ. ಆ ಸಾಲು ‘ಫ್ರಮ್’ ಅಂತ ಮುಗಿಯುತ್ತಿತ್ತು, ಮತ್ತು ಅದು ರಿಲೇಟಿವ್ ಕ್ಲಾಝೇ ಆಗಿತ್ತು. ಆಮೇಲೆ ತನ್ನ ಹಳೇ ಬರಹದಲ್ಲೂ ಇಂಥವನ್ನು ಹುಡುಕಿ ತಿದ್ದಿಕೊಂಡ. ಲ್ಯಾಟಿನ್ನಿನಲ್ಲಿ ಹಾಗೆ ಮುಗಿಸುವ ಪದ್ಧತಿ ಇಲ್ಲ ನಿಜ, ಆದರೆ ಇಂಗ್ಲಿಷ್ ಲ್ಯಾಟಿನ್ ಅಲ್ಲವಲ್ಲ. ಕೊನೆಗೆ ಬಿಡಿ, ಧೈರ್ಯವಾಗಿ ಬಿಡಿ. ‘ದ ಬಸ್ ಫಾರ್ ವಿಚ್ ಐ ವಾಸ್ ವೇಟಿಂಗ್’ ಅಂತ ಗೆಳೆಯನ ಹತ್ತಿರ ಹೇಳಿದರೆ ಅವನು ನಿಮ್ಮ ಮುಖವನ್ನೇ ನೋಡುತ್ತಾನೆ.

ಈಗ ಒಂದು ಸೂಕ್ಷ್ಮ. ‘ದಟ್’ ಅನ್ನು ಯಾವಾಗ ಬಿಡಬಹುದು, ಯಾವಾಗ ಬಿಡಬಾರದು? ‘ದ ಲೆಟರ್ ದಟ್ ಐ ರೋಟ್’, ‘ದ ಲೆಟರ್ ಐ ರೋಟ್’ ಎರಡೂ ಸರಿ. ಆದರೆ ‘ದ ಬಾಯ್ ಕೇಮ್ ಯೆಸ್ಟರ್ಡೇ ಈಸ್ ಮೈ ಕಸಿನ್’ ತಪ್ಪು. ಯಾಕೆ ಅಂತ ಕಿವಿಗೊಟ್ಟು ಕೇಳಿ. ‘ದ ಬಾಯ್ ಕೇಮ್ ಯೆಸ್ಟರ್ಡೇ’ ಅಂದಾಗ ಕೇಳುವವನಿಗೆ ಒಂದು ಪೂರ್ತಿ ವಾಕ್ಯ ಸಿಕ್ಕಿತು. ಹುಡುಗ ನಿನ್ನೆ ಬಂದ. ಸರಿ, ಮುಗಿಯಿತು. ಅಷ್ಟರಲ್ಲಿ ‘ಈಸ್’ ಅನ್ನುವ ಇನ್ನೊಂದು ಕ್ರಿಯಾಪದ ಬಂದು ಬಾಗಿಲು ತಟ್ಟುತ್ತದೆ. ಅವನು ತಬ್ಬಿಬ್ಬಾಗುತ್ತಾನೆ. ‘ದ ಲೆಟರ್ ಐ’ ಅಂದಾಗ ಹಾಗಾಗುವುದಿಲ್ಲ. ‘ಲೆಟರ್’ ಹಿಂದೆಯೇ ‘ಐ’ ಬಂತು ಅಂದರೆ ಹೊಸಬನೊಬ್ಬ ಬಂದ, ಒಳಗೊಂದು ಪುಟ್ಟ ವಾಕ್ಯ ಶುರುವಾಯಿತು ಅಂತ ತಾನಾಗಿ ಗೊತ್ತಾಗುತ್ತದೆ. ಹಾಗಾಗಿ ಪರೀಕ್ಷೆ ಸುಲಭ. ನಾಮಪದದ ಪಕ್ಕ ಹೊಸ ಕರ್ತೃ ಬಂದರೆ ‘ದಟ್’ ಬಿಡಬಹುದು. ನೇರ ಕ್ರಿಯಾಪದ ಬಂದರೆ ಬಿಡಬಾರದು.

ನಾವು ತೀರಾ ಕಡಿಮೆ ಬಳಸುವ ಪದ ‘ಹೂಝ್’. ಇದೂ ಕನ್ನಡದ ಪ್ರಭಾವವೇ. ‘ಚಾವಣಿ ಹಾರಿಹೋದ ಮನೆ’ ಅನ್ನುತ್ತೇವೆ. ‘ಕಾಲು ಮುರಿದ ಕುರ್ಚಿ’ ಅನ್ನುತ್ತೇವೆ. ಮನೆ‘ಯ’ ಚಾವಣಿ, ಕುರ್ಚಿ‘ಯ’ ಕಾಲು ಅನ್ನುವ ‘ಅ’ ವಿಭಕ್ತಿಯೂ ನುಂಗಿಹೋಗಿದೆ. ಇಂಗ್ಲಿಷಿಗೆ ಬಂದಾಗ ಆ ಸಂಬಂಧ ಬೇಕೇ ಬೇಕು: ‘ದ ಹೌಸ್ ಹೂಝ್ ರೂಫ್ ಬ್ಲೂ ಆಫ್’. ಮನೆ ಮನುಷ್ಯ ಅಲ್ಲವಲ್ಲ, ‘ಹೂಝ್’ ಬರಬಹುದಾ ಅಂತ ಎಷ್ಟೋ ಜನ ಹಿಂಜರಿಯುತ್ತಾರೆ. ಬರಬಹುದು. ಒಳ್ಳೆ ಬರಹಗಾರರು ಶತಮಾನಗಳಿಂದ ಹಾಗೆ ಬರೆದಿದ್ದಾರೆ.

ಕನ್ನಡದ ಕೃದಂತಕ್ಕೂ ಒಂದು ಮಿತಿ ಇದೆ, ಅದನ್ನೂ ಹೇಳಿಬಿಡುತ್ತೇನೆ. ‘ನಾನು ಸಿನಿಮಾಕ್ಕೆ ಹೋದ ಗೆಳೆಯ’ ಅಂದು ನೋಡಿ. ಏನೋ ಸರಿಯಿಲ್ಲ ಅನಿಸುತ್ತದೆ. ‘ಗೆಳೆಯನ ಜೊತೆ’ ಅನ್ನುವ ‘ಜೊತೆ’ಯನ್ನು ‘ಹೋದ’ ನುಂಗಲಾರದು, ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೇ ನಾವು ವಾಕ್ಯವನ್ನು ತಿರುಗಿಸಿ ‘ನನ್ನ ಜೊತೆ ಬಂದ ಗೆಳೆಯ’ ಅನ್ನುತ್ತೇವೆ. ‘ನಾನು ಅವನಿಗಿಂತ ಎತ್ತರ’ ಅನ್ನುವುದನ್ನೂ ಕೃದಂತ ಮಾಡಲು ಆಗುವುದಿಲ್ಲ. ಇಂಗ್ಲಿಷಿಗೆ ಎರಡೂ ಸಲೀಸು: ‘ದ ಫ್ರೆಂಡ್ ಐ ವೆಂಟ್ ವಿತ್’, ‘ದ ಬಾಯ್ ಐ ಆಮ್ ಟಾಲರ್ ದ್ಯಾನ್’. 1977ರಲ್ಲಿ ಎಡ್ವರ್ಡ್ ಕೀನನ್ ಮತ್ತು ಬರ್ನಾರ್ಡ್ ಕಾಮ್ರಿ ಎಂಬ ಇಬ್ಬರು ಭಾಷಾಶಾಸ್ತ್ರಜ್ಞರು ಬೇರೆ ಬೇರೆ ಭಾಷೆಗಳನ್ನು ಹೋಲಿಸಿ ಇದರ ಹಿಂದೆ ಒಂದು ಏಣಿ ಇದೆ ಅಂತ ತೋರಿಸಿದರು. ಮೇಲಿನ ಮೆಟ್ಟಿಲು ಕರ್ತೃ, ಆಮೇಲೆ ಕರ್ಮ, ಆಮೇಲೆ ‘ಗೆ’, ಆಮೇಲೆ ‘ಇಂದ’, ‘ಅಲ್ಲಿ’ ಇತ್ಯಾದಿ, ಅದರ ಕೆಳಗೆ ‘ಅ’, ಕಟ್ಟಕಡೆಗೆ ‘ಗಿಂತ’. ಕೆಳಗೆ ಇಳಿದಷ್ಟೂ ಕಷ್ಟ ಜಾಸ್ತಿ. ಮಡಗಾಸ್ಕರಿನ ಮಲಗಾಸಿ ಭಾಷೆ ಮೊದಲ ಮೆಟ್ಟಿಲಲ್ಲೇ ನಿಂತುಬಿಡುತ್ತದೆ. ಇಂಗ್ಲಿಷ್ ಕೊನೆಯ ಮೆಟ್ಟಿಲವರೆಗೂ ಇಳಿಯುತ್ತದೆ. ಪ್ರತಿ ಮೆಟ್ಟಿಲಿಗೂ ಗುರುತು ಇಟ್ಟುಕೊಂಡು ಇಳಿಯುವುದರಿಂದಲೇ ಅದಕ್ಕೆ ಇದು ಸಾಧ್ಯ. ನಮಗೆ ಕಿರಿಕಿರಿ ಅನಿಸುವ ಆ ‘ವಿತ್’, ‘ಫಾರ್’, ‘ದ್ಯಾನ್’ಗಳೇ ಆ ಗುರುತು.

ಈಗ ಕಾಮಾ. ಇದರಲ್ಲಿ ನಾನೇ ಒಮ್ಮೆ ಚೆನ್ನಾಗಿ ಪೆಟ್ಟು ತಿಂದಿದ್ದೇನೆ. ಕೆಲಸ ಮಾಡುತ್ತಿದ್ದ ಕಡೆ ಒಂದು ಫೋಲ್ಡರ್ ತುಂಬಿಹೋಗಿತ್ತು. ಹೊಸದಾಗಿ ಸೇರಿದ್ದ ಸಹೋದ್ಯೋಗಿಗೆ ಒಂದು ಸಾಲಿನ ಮೇಲ್ ಹಾಕಿದೆ. ‘ಪ್ಲೀಸ್ ಡಿಲೀಟ್ ದ ಫೈಲ್ಸ್, ವಿಚ್ ಆರ್ ಓಲ್ಡ್.’ ನನ್ನ ಮನಸ್ಸಿನಲ್ಲಿದ್ದದ್ದು ‘ಹಳೆಯದಾದ ಫೈಲುಗಳನ್ನು ಅಳಿಸಿ’. ‘ಫೈಲ್ಸ್’ ಆದ ಮೇಲೆ ಉಸಿರು ತೆಗೆದುಕೊಳ್ಳುವ ಜಾಗ ಅಂತ ಸುಮ್ನೆ ಒಂದು ಕಾಮಾ ಹಾಕಿದ್ದೆ. ಆಕೆಯ ಇಂಗ್ಲಿಷ್ ನನಗಿಂತ ಚೆನ್ನಾಗಿತ್ತು, ತೊಂದರೆ ಆಗಿದ್ದೇ ಅಲ್ಲಿ. ಬರೆದದ್ದನ್ನು ಬರೆದ ಹಾಗೇ ಓದಿಕೊಂಡರು. ಸಂಜೆಯ ಹೊತ್ತಿಗೆ ಫೋಲ್ಡರ್ ಖಾಲಿ.

ಕಾಮಾ ಇಲ್ಲದಿದ್ದರೆ ‘ಹಳೆಯದಾಗಿರುವ ಫೈಲುಗಳನ್ನು ಮಾತ್ರ’ ಅಂತ ಅರ್ಥ. ಫೈಲುಗಳಲ್ಲಿ ಹಳೆಯವು, ಹೊಸವು ಎರಡೂ ಇವೆ, ಹಳೆಯವನ್ನು ಆರಿಸಿ ಅಂತ. ಕಾಮಾ ಇದ್ದರೆ ‘ಫೈಲುಗಳನ್ನು ಅಳಿಸಿ, ಅಂದಹಾಗೆ ಅವೆಲ್ಲ ಹಳೆಯವು’ ಅಂತ ಅರ್ಥ. ಕಾಮಾ ಆದ ಮೇಲೆ ಬರುವ ಮಾತು ಬರೀ ಹೆಚ್ಚುವರಿ ಮಾಹಿತಿ. ಆಯ್ಕೆ ಮಾಡುವ ಶಕ್ತಿ ಅದಕ್ಕಿಲ್ಲ. ಕನ್ನಡದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಇಲ್ಲ. ‘ಬೇರೆ ದೇಶದಲ್ಲಿರುವ ನನ್ನ ತಮ್ಮ’ ಅಂದರೆ ತಮ್ಮ ಒಬ್ಬನಾ, ಮೂವರಾ? ವಾಕ್ಯ ಹೇಳುವುದಿಲ್ಲ. ‘ಮೈ ಬ್ರದರ್ ಹೂ ಲಿವ್ಸ್ ಅಬ್ರಾಡ್’ ಅಂತ ಕಾಮಾ ಇಲ್ಲದೆ ಬರೆದರೆ ಇನ್ನೂ ತಮ್ಮಂದಿರಿದ್ದಾರೆ, ಅವರಲ್ಲಿ ಈತ ಅಂತ ಓದುಗರು ತಿಳಿಯುತ್ತಾರೆ. ಒಬ್ಬನೇ ಇದ್ದರೆ ‘ಹೂ’ಗಿಂತ ಮೊದಲೊಂದು, ‘ಅಬ್ರಾಡ್’ ಆದ ಮೇಲೊಂದು ಕಾಮಾ ಬೇಕು. ಎರಡು ಕಾಮಾ ಅಂದರೆ ಎರಡು ಹಿಡಿಕೆ. ಹಿಡಿದು ಎತ್ತಿದರೆ ನಡುವಿನದು ಪೂರ್ತಿ ಹೊರಗೆ ಬರಬೇಕು, ಉಳಿದದ್ದು ನಿಲ್ಲಬೇಕು. ನನ್ನ ಇ-ಮೇಲಿನಲ್ಲಿ ಹಾಗೆ ಎತ್ತಿ ನೋಡಿದ್ದರೆ ‘ಪ್ಲೀಸ್ ಡಿಲೀಟ್ ದ ಫೈಲ್ಸ್’ ಅಷ್ಟೇ ಉಳಿಯುತ್ತಿತ್ತು. ಬ್ಯಾಕಪ್ ಇತ್ತು, ಬಚಾವಾದೆ.

ಕಾಮಾ ಆದ ಮೇಲೆ ‘ದಟ್’ ಬರುವುದಿಲ್ಲ, ಇದು ಗಟ್ಟಿ ನಿಯಮ. ಕಾಮಾ ಇಲ್ಲದ ಕಡೆ ‘ವಿಚ್’ ಬರಬಾರದು ಅನ್ನುತ್ತಾರಲ್ಲ, ಅದು ಅಷ್ಟು ಗಟ್ಟಿಯಲ್ಲ. 1926ರಲ್ಲಿ ಎಚ್. ಡಬ್ಲ್ಯು. ಫೌಲರ್ ಎಂಬ ನಿಘಂಟುಕಾರ, ಇಂಗ್ಲಿಷ್ ಪದಗಳನ್ನು ಹೇಗೆ ಬಳಸಬೇಕು ಅಂತ ಹೇಳುವ ತನ್ನ ಕೋಶದಲ್ಲಿ, ಆಯ್ಕೆಗೆ ‘ದಟ್’, ಹೆಚ್ಚುವರಿ ಮಾಹಿತಿಗೆ ‘ವಿಚ್’ ಅಂತ ಹಂಚಿಕೊಂಡರೆ ಚೆನ್ನ ಅಂತ ಸಲಹೆ ಕೊಟ್ಟ. ಹೆಚ್ಚಿನ ಬರಹಗಾರರಾಗಲಿ, ಉತ್ತಮ ಬರಹಗಾರರಾಗಲಿ ಹಾಗೆ ಬರೆಯುತ್ತಿಲ್ಲ ಅಂತ ಅವನೇ ಒಪ್ಪಿಕೊಂಡಿದ್ದ. ಸಲಹೆ ಆಮೇಲೆ ಕೆಲವರ ಕೈಯಲ್ಲಿ ಕಾನೂನಾಯಿತು, ಅದರಲ್ಲೂ ಅಮೆರಿಕದಲ್ಲಿ. ಅದೇ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಪರ್ಲ್ ಹಾರ್ಬರ್ ದಾಳಿಯ ಮರುದಿನ, 1941ರ ಡಿಸೆಂಬರ್ 8ರಂದು, ಹಿಂದಿನ ದಿನವನ್ನು ಕರೆದದ್ದು ‘ಎ ಡೇಟ್ ವಿಚ್ ವಿಲ್ ಲಿವ್ ಇನ್ ಇನ್ಫಮಿ’ ಅಂತ. ಕರಡಿನಲ್ಲಿ ಬೇರೆ ಪದ ತಿದ್ದಿದರು, ‘ವಿಚ್’ ಹಾಗೇ ಉಳಿಯಿತು. ಕಂಪ್ಯೂಟರ್ ಇವತ್ತು ಅದರ ಕೆಳಗೆ ಗೆರೆ ಎಳೆದರೂ ಎಳೆಯಬಹುದು.

‘ವಿಚ್’ನ ಇನ್ನೊಂದು ಬಳಕೆ. ಕಾಮಾ ಆದ ಮೇಲೆ ಅದು ಇಡೀ ವಾಕ್ಯವನ್ನೇ ಎತ್ತಿಕೊಳ್ಳಬಲ್ಲದು. ‘ಹಿ ಕೇಮ್ ಲೇಟ್, ವಿಚ್ ಅನಾಯ್ಡ್ ಮಿ.’ ಇಲ್ಲಿ ‘ವಿಚ್’ ಅಂದರೆ ಅವನಲ್ಲ, ಅವನು ತಡವಾಗಿ ಬಂದದ್ದು. ನಮ್ಮ ‘ಅದು’ ಇದ್ದ ಹಾಗೆ.

ಕೊನೆಗೆ ದಿಕ್ಕಿನ ವಿಷಯ. ಈ ವಾಕ್ಯ ನೋಡಿ: ‘ದಿಸ್ ಈಸ್ ದ ಕೀ ದಟ್ ಓಪನ್ಸ್ ದ ಬಾಕ್ಸ್ ದಟ್ ಹೋಲ್ಡ್ಸ್ ದ ಲೆಟರ್ ದಟ್ ಮೈ ಫಾದರ್ ರೋಟ್.’ ಕನ್ನಡದಲ್ಲಿ: ‘ಇದು ಅಪ್ಪ ಬರೆದ ಪತ್ರ ಇರುವ ಪೆಟ್ಟಿಗೆ ತೆಗೆಯುವ ಕೀಲಿಕೈ.’ ಇಂಗ್ಲಿಷ್ ಕೀಲಿಕೈಯಿಂದ ಹೊರಟು ಅಪ್ಪನವರೆಗೆ ಹೋಗುತ್ತದೆ. ಕನ್ನಡ ಅಪ್ಪನಿಂದ ಹೊರಟು ಕೀಲಿಕೈಗೆ ಬರುತ್ತದೆ. ಕನ್ನಡಿಯಲ್ಲಿ ಹಿಡಿದ ಹಾಗೆ ಪೂರ್ತಿ ತಿರುಗುಮುರುಗು. ಹಾಗಾಗಿ ಉದ್ದದ ಇಂಗ್ಲಿಷ್ ವಾಕ್ಯ ಹೇಳುವಾಗ ಮೊದಲು ಮುಖ್ಯ ವಸ್ತುವಿನ ಹೆಸರು ಹೇಳಿಬಿಡಿ. ವಿವರ ಆಮೇಲೆ ಬರಲಿ. ಕನ್ನಡದಲ್ಲಿ ನಾವು ಕೊನೆಗೆ ತೆರೆಯುವ ಪೊಟ್ಟಣವನ್ನು ಅಲ್ಲಿ ಮೊದಲೇ ತೆರೆಯಬೇಕು.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು, ಎರಡನ್ನು ಇಲ್ಲಿ ಸೇರಿಸಿದ್ದೇನೆ.

ಒಬ್ಬರು ಕೇಳಿದರು: ಇಂಗ್ಲಿಷಿನಲ್ಲಿ ನಮ್ಮ ಕೃದಂತದ ಹಾಗೆ ಚಿಕ್ಕದಾಗಿ ಹೇಳುವ ದಾರಿಯೇ ಇಲ್ವಾ? ಇದೆ. ‘ದ ಮ್ಯಾನ್ ಹೂ ಈಸ್ ಸ್ಟ್ಯಾಂಡಿಂಗ್ ದೇರ್’ ಅನ್ನುವುದನ್ನು ‘ದ ಮ್ಯಾನ್ ಸ್ಟ್ಯಾಂಡಿಂಗ್ ದೇರ್’ ಅಂತ ಕತ್ತರಿಸಬಹುದು. ‘ದ ಲೆಟರ್ ರಿಟನ್ ಬೈ ಮೈ ಫಾದರ್’ ಕೂಡ ಹಾಗೇ. ‘ಅಲ್ಲಿ ನಿಂತಿರುವ’, ‘ಅಪ್ಪ ಬರೆದ’ ಅನ್ನುವುದಕ್ಕೆ ತುಂಬ ಹತ್ತಿರ. ಆದರೆ ಇದು ಏಣಿಯ ಮೊದಲ ಮೆಟ್ಟಿಲಿಗೆ ಮಾತ್ರ, ಅಂದರೆ ನಾಮಪದ ಒಳವಾಕ್ಯದ ಕರ್ತೃ ಆಗಿದ್ದಾಗ ಮಾತ್ರ ನಡೆಯುತ್ತದೆ.

ಇನ್ನೊಬ್ಬರು ಒಂದು ವಾಕ್ಯವನ್ನೇ ಬರೆದುಕೊಂಡು ಬಂದಿದ್ದರು. ‘ನಾನು ಮೊದಲು ಕೆಲಸ ಮಾಡುತ್ತಿದ್ದ ಕಂಪನಿಯ ಮ್ಯಾನೇಜರ್ ಕೊಟ್ಟ ಪತ್ರ ಕಳೆದುಹೋಗಿದೆ.’ ಇದನ್ನು ಇಂಗ್ಲಿಷ್ ಮಾಡಿ ಅಂದರು. ನಿಯಮದ ಪ್ರಕಾರ ಬೋರ್ಡಿನ ಮೇಲೆ ಮಾಡಿದೆವು: ‘ದ ಲೆಟರ್ ದಟ್ ದ ಮ್ಯಾನೇಜರ್ ಆಫ್ ದ ಕಂಪನಿ ದಟ್ ಐ ವರ್ಕ್ಡ್ ಫಾರ್ ಗೇವ್ ಮಿ ಈಸ್ ಲಾಸ್ಟ್.’ ವ್ಯಾಕರಣದಲ್ಲಿ ತಪ್ಪು ಹುಡುಕಲು ಆಗುವುದಿಲ್ಲ. ಆದರೆ ಕೊನೆಯಲ್ಲಿ ‘ವರ್ಕ್ಡ್ ಫಾರ್ ಗೇವ್ ಮಿ ಈಸ್ ಲಾಸ್ಟ್’ ಅಂತ ಮೂರು ಕ್ರಿಯಾಪದ ಒಂದರ ಮೇಲೊಂದು ಬಿದ್ದಿವೆ. ಯಾವುದು ಯಾರದು ಅಂತ ಹುಡುಕುವಷ್ಟರಲ್ಲಿ ಓದುಗ ಸುಸ್ತು. ಕನ್ನಡದಲ್ಲಿ ಕಿವಿಗೆ ಹಿತವಾಗಿದ್ದ ಸರಪಳಿ ಇಲ್ಲಿ ಗಂಟಾಯಿತು. ಬಿಡಿಸಿ ಬರೆದೆವು: ‘ಐ ಹ್ಯಾವ್ ಲಾಸ್ಟ್ ದ ಲೆಟರ್ ಐ ಗಾಟ್ ಫ್ರಮ್ ಮೈ ಫಾರ್ಮರ್ ಮ್ಯಾನೇಜರ್.’

ಅವರು ಸ್ವಲ್ಪ ಹೊತ್ತು ನೋಡಿ, ‘ಇದರಲ್ಲಿ ವಿಚ್ಚೂ ಇಲ್ಲ, ದಟ್ಟೂ ಇಲ್ವಲ್ಲ’ ಅಂದರು. ‘ಲೆಟರ್’ ಪಕ್ಕ ‘ಐ’ ಬಂದಿದೆ ನೋಡಿ, ಅಲ್ಲೇ ಬಿಟ್ಟುಹೋಗಿದೆ ಅಂದೆ.